ಕಾಲುವೆ ಕಟ್ಟಿದರೆ ಮೊದಲು ಒಣಗುವುದು ಟೇಲೆಂಡ್

ಗಂಗಾವತಿಯ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು, ರೈಸ್ ಮಿಲ್ಲಿನ ಕೆಲಸಗಾರರು ಮತ್ತು ಅವರ ಮನೆಯವರ ಮುಂದೆ ಡಾಕ್ಟರಾಗಿ ನಾನು ಹಾರ್ಟ್ ಅಟ್ಯಾಕ್ ಬಗ್ಗೆ ಆಡಿದ ಮಾತಿದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಸ್ವಾಗತ ಭಾಷಣ ಮತ್ತು ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಯಾರ ಮನೆಯಲ್ಲಿ ಗ್ಯಾಸಿನ ಮಾತ್ರೆ ಇಲ್ಲ, ಕೈ ಎತ್ತಿ. ಒಬ್ಬರೂ ಇಲ್ಲ! ಗೊತ್ತಿತ್ತು ನನಗೆ. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸ್. ಎದೆ ಬಿಗಿದರೆ ಗ್ಯಾಸ್, ಭುಜ ಸೆಳೆದರೆ ಗ್ಯಾಸ್, ಅಂಗಿ ತೊಯ್ಯುವಷ್ಟು ಬೆವರಿದರೂ ಗ್ಯಾಸ್. ಒಂದು ಸೋಡಾ ಕುಡಿ, ತೇಗು ಬಂದರೆ ಆರಾಮಾಗುತ್ತದೆ ಅಂತ ಪಕ್ಕದ ಮನೆಯವರೂ ಬಂದು ಹೇಳುತ್ತಾರೆ. ತೇಗು ಬರುತ್ತದೆ. ಸ್ವಲ್ಪ ಹಗುರ ಅನ್ನಿಸುತ್ತದೆ ಕೂಡ. ತೊಂದರೆ ಇರುವುದೇ ಅಲ್ಲಿ. ಹಾರ್ಟ್ ಅಟ್ಯಾಕ್ ಆಗುತ್ತಿರುವವರಿಗೂ ತೇಗು ಬರುತ್ತದೆ, ಅವರ ನೋವೂ ನಡುನಡುವೆ ಇಳಿಯುತ್ತದೆ.

ನಿಮ್ಮನ್ನು ಬೈಯುವ ಮುಂಚೆ ನನ್ನ ತಪ್ಪು ಹೇಳಿಬಿಡುತ್ತೇನೆ. ಹೊಸದಾಗಿ ಡಾಕ್ಟರ್ ಆಗಿದ್ದ ಕಾಲ, ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ರಾತ್ರಿ ಹನ್ನೆರಡರ ಮೇಲೆ ಒಬ್ಬರು ನಡೆದುಕೊಂಡೇ ಒಳಗೆ ಬಂದರು. ವಯಸ್ಸು 44. ಹೆಂಡತಿ ಜೊತೆಗಿದ್ದರು. “ಸರ, ಜಾತ್ರಿಯೊಳಗ ಮಿರ್ಚಿ ತಿಂದೀನ್ರಿ, ಎದಿ ಉರಿಯಾಕತ್ತೈತಿ” ಅಂದರು. ಇಸಿಜಿ ತೆಗೆಸಿದೆ. ನಾರ್ಮಲ್. ಗ್ಯಾಸಿನ ಇಂಜೆಕ್ಷನ್ ಕೊಟ್ಟೆ, ತೇಗಿದರು, ನಕ್ಕರು, ಒಂದು ಗಂಟೆಗೆ ಮನೆಗೆ ಕಳಿಸಿದೆ. ಬೆಳಗಿನ ಜಾವ ಐದಕ್ಕೆ ಅದೇ ಮನುಷ್ಯನನ್ನು ಇಬ್ಬರು ಹಿಡಿದುಕೊಂಡು ಬಂದರು. ಈ ಸಲದ ಇಸಿಜಿಯಲ್ಲಿ ಗೆರೆಗಳು ಎದ್ದು ನಿಂತಿದ್ದವು, ಅದನ್ನು ನೋಡಲು ಡಾಕ್ಟರೇ ಬೇಕಿರಲಿಲ್ಲ. ಬದುಕಿದರು. ಆದರೆ 55ರ ಮೇಲಿರಬೇಕಾದ ಹೃದಯದ ಪಂಪಿಂಗ್ 35ಕ್ಕೆ ಇಳಿದಿತ್ತು. ಈಗಲೂ ನನ್ನ ಹತ್ತಿರವೇ ತೋರಿಸಲು ಬರುತ್ತಾರೆ. ಅವರ ಹೆಂಡತಿ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಆದರೆ ಪ್ರತಿ ಸಲ ಅದೇ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ತೆಗೆಯುತ್ತಾರೆ, ಅದರಲ್ಲಿ ಎರಡೂ ಇಸಿಜಿ ಒಂದರ ಮೇಲೊಂದು ಇರುತ್ತವೆ, ಒಂದು ಗಂಟೆಯದು ಮತ್ತು ಐದು ಗಂಟೆಯದು. ಅಕ್ಷರ ಮಾಸಿಹೋಗಿದೆ. ಟೈಮ್ ಮಾತ್ರ ನನಗೆ ಕಾಣಿಸುತ್ತದೆ.

ನಾನು ಮಾಡಬೇಕಾಗಿದ್ದು ಇಷ್ಟೇ. ಅವರನ್ನು ಬೆಂಚಿನ ಮೇಲೆ ಕೂರಿಸಿ, ಅರ್ಧ ಗಂಟೆಗೊಂದು ಇಸಿಜಿ ಮತ್ತೆ ತೆಗೆಯುವುದು, ರಕ್ತ ಪರೀಕ್ಷೆಗೆ ಕಳಿಸುವುದು, ಕಾಯುವುದು. ಮೊದಲ ಇಸಿಜಿ ನಾರ್ಮಲ್ ಬಂದರೆ ಹಾರ್ಟ್ ಅಟ್ಯಾಕ್ ಇಲ್ಲ ಅಂತ ಅರ್ಥವಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ರಾತ್ರಿ ಕಲಿತೆ.

ಈಗ ಒಳಗೆ ಏನಾಗುತ್ತದೆ ನೋಡೋಣ. ನೀವು ಗಂಗಾವತಿಯವರು, ಕಾಲುವೆ ಬಗ್ಗೆ ನಿಮಗೆ ಯಾರೂ ಪಾಠ ಮಾಡಬೇಕಿಲ್ಲ. ಹೃದಯ ಅಂದರೆ ಮುಷ್ಟಿಯಷ್ಟು ದೊಡ್ಡ ಮಾಂಸದ ಪಂಪು, ತೂಕ ಸುಮಾರು 300 ಗ್ರಾಂ. ದಿನಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಸಲ ಬಡಿಯುತ್ತದೆ, ಭಾನುವಾರವೂ ರಜೆ ಇಲ್ಲ. ಅದರ ಒಳಗೆ ಯಾವಾಗಲೂ ರಕ್ತ ತುಂಬಿರುತ್ತದೆ. ಆದರೆ ಆ ತುಂಬಿದ ರಕ್ತ ಅದಕ್ಕೆ ಊಟಕ್ಕೆ ಬರುವುದಿಲ್ಲ. ಡ್ಯಾಂ ಪಕ್ಕದಲ್ಲೇ ಹೊಲ ಇದ್ದರೂ ನೀರು ಕಾಲುವೆಯಿಂದಲೇ ಬರಬೇಕು, ಹಾಗೆ. ಹೃದಯದ ಮೇಲ್ಮೈಯಲ್ಲಿ ಹರಿಯುವ ಕೊರೊನರಿ ರಕ್ತನಾಳಗಳೇ ಆ ಕಾಲುವೆ. ಎಡದ್ದೊಂದು, ಬಲದ್ದೊಂದು. ಎಡದ್ದು ಮುಂದೆ ಹೋಗಿ ಎರಡಾಗುತ್ತದೆ. ಅವುಗಳಿಂದ ಸಣ್ಣ ಸಣ್ಣ ಕವಲುಗಳು ಮೇಲಿನಿಂದ ಮಾಂಸದ ಒಳಕ್ಕೆ ಇಳಿಯುತ್ತವೆ.

ಹಾಗಾದರೆ ಕಟ್ಟಕಡೆಗೆ ನೀರು ಸಿಗುವುದು ಯಾರಿಗೆ? ತೀರಾ ಒಳಗಿನ ಪದರಕ್ಕೆ. ಅದೇ ಟೇಲೆಂಡ್, ಕಾಲುವೆಯ ಕಟ್ಟಕಡೆಯ ಹೊಲ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ನಾಲೆ ಸುಮಾರು 227 ಕಿಲೋಮೀಟರ್ ಇದೆ, ನೀವು ಮೇಲ್ಭಾಗದವರು, ನಿಮಗೆ ಎರಡು ಬೆಳೆಗೂ ನೀರು ಬಂದಿದ್ದುಂಟು. ಮಾನ್ವಿ, ಸಿರವಾರ, ರಾಯಚೂರಿನವರನ್ನು ಕೇಳಿ, ನೀರು ಕಡಿಮೆಯಾದ ವರ್ಷ ಮೊದಲು ರಸ್ತೆಗೆ ಇಳಿಯುವುದು ಅವರು. (ಇಲ್ಲಿ ಹಿಂದಿನ ಸಾಲಿನಿಂದ ಯಾರೋ “ಮ್ಯಾಲಿನವ್ರು ಕದಿತಾರ್ರೀ” ಅಂದರು. ಎಲ್ಲರೂ ನಕ್ಕರು. ನಾನು ಆ ಜಗಳಕ್ಕೆ ಹೋಗಲಿಲ್ಲ.) ಹೃದಯದ ಕಾಲುವೆ ಪೂರ್ತಿ ಕಟ್ಟಿಕೊಂಡಾಗಲೂ ಇದೇ ಕಥೆ. ಒಳಗಿನ ಪದರ ಮೊದಲು ಸಾಯಲು ಶುರುವಾಗುತ್ತದೆ, ಆಮೇಲೆ ಸಾವು ಅಲೆಯ ಹಾಗೆ ಹೊರಗಿನ ಪದರದ ಕಡೆ ಬರುತ್ತದೆ. ಮೊದಲ ಇಪ್ಪತ್ತು ಮೂವತ್ತು ನಿಮಿಷ ಮಾಂಸ ಬಾಡುತ್ತದೆ, ಸಾಯುವುದಿಲ್ಲ. ಆಗ ನೀರು ಬಿಟ್ಟರೆ ಪೂರ್ತಿ ಚೇತರಿಸಿಕೊಳ್ಳುತ್ತದೆ. ಆಮೇಲೆ ಗಂಟೆ ಗಂಟೆಗೂ ಒಂದೊಂದು ಮಡಿ ಒಣಗುತ್ತಾ ಹೋಗುತ್ತದೆ. ಆರು ಗಂಟೆ ದಾಟುವಷ್ಟರಲ್ಲಿ ಆ ಕಾಲುವೆಯ ಕೆಳಗಿನ ಜಾಸ್ತಿ ಭಾಗ ಹೋಗಿರುತ್ತದೆ.

ಕಾಲುವೆ ಕಟ್ಟುವುದು ಹೇಗೆ? ಬಹಳ ಜನ ಹೂಳು ತುಂಬಿದ ಹಾಗೆ ಅಂದುಕೊಂಡಿದ್ದಾರೆ. ವರ್ಷಗಟ್ಟಲೆ ಕೊಬ್ಬು ತುಂಬಿ, ತುಂಬಿ, ಒಂದು ದಿನ ಬಂದ್ ಆಯಿತು ಅಂತ. ಅರ್ಧ ನಿಜ. ಕೊಬ್ಬು ರಕ್ತನಾಳದ ಗೋಡೆಯ ಒಳಗೆ ಗಂಟಿನ ಹಾಗೆ ಕೂರುತ್ತದೆ, ಮೇಲೆ ಒಂದು ತೆಳು ಪೊರೆ. ಬಿಪಿ, ಬೀಡಿ, ಸಕ್ಕರೆ ಕಾಯಿಲೆ ಎಲ್ಲ ಸೇರಿ ಆ ಪೊರೆಯನ್ನು ಇನ್ನೂ ತೆಳು ಮಾಡುತ್ತವೆ. ಒಂದು ದಿನ ಪೊರೆ ಒಡೆಯುತ್ತದೆ. ಗಾಯ ಆಯಿತು ಅಂದುಕೊಂಡು ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. ಹಾಗಾಗಿ ಇದು ಹೂಳಿಗಿಂತ ದಂಡೆ ಕುಸಿದ ಹಾಗೆ. ಎಷ್ಟೋ ಸಲ ಒಡೆಯುವ ಗಂಟು ಕಾಲುವೆಯನ್ನು ಅರ್ಧವೂ ಮುಚ್ಚಿರುವುದಿಲ್ಲ. “ಹೋದ ತಿಂಗಳಷ್ಟೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದ್ದರು, ಎಲ್ಲ ಸರಿ ಇತ್ತು” ಅಂತ ಕೇಳಿರುತ್ತೀರಲ್ವಾ, ಅದು ಸುಳ್ಳಲ್ಲ. ಆ ಟೆಸ್ಟ್ ಕಿರಿದಾದ ಕಾಲುವೆ ಹುಡುಕುತ್ತದೆ, ನಾಳೆ ಕುಸಿಯುವ ದಂಡೆಯನ್ನು ಹುಡುಕುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಇಡೀ ರಾಜ್ಯ ಎದ್ದು ಕೂತಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಹಲಗೆ ಇಳಿಸಿದರು. ಬೆಳಿಗ್ಗೆ ನೋಡೋಣ, ಸೋಡಾ ಕುಡಿಯೋಣ ಅಂತ ಯಾರೂ ಅನ್ನಲಿಲ್ಲ.

ಎದೆಗೂ ಅಷ್ಟೇ ಅವಸರ ಬೇಕು. ಎದೆಯ ನಡುವೆ ಬಿಗಿತ, ಯಾರೋ ಅಕ್ಕಿ ಚೀಲ ಹೇರಿದ ಹಾಗೆ ಭಾರ, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಇಲ್ಲವೇ ಹೊಟ್ಟೆಯ ಮೇಲ್ಭಾಗಕ್ಕೆ ಹರಿಯುವುದು, ಜೊತೆಗೆ ತಣ್ಣನೆ ಬೆವರು. ಇದು ಹತ್ತು ಹದಿನೈದು ನಿಮಿಷ ನಿಂತರೆ 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಎದೆನೋವು ಇಲ್ಲದೆಯೂ ಬರಬಹುದು. ಹತ್ತಿ ಬಿಡಿಸಲು ಹೋಗಿದ್ದ ಒಬ್ಬ ಅಜ್ಜಿ, ಮಧ್ಯಾಹ್ನ ಎರಡು ಸಲ ವಾಂತಿ ಮಾಡಿಕೊಂಡು ಬದುವಿನ ಮೇಲೆ ಕೂತುಬಿಟ್ಟರು. ಬಿಸಿಲು ಬಡಿದಿದೆ ಅಂತ ಈರುಳ್ಳಿ ರಸ ಹಚ್ಚಿದರು. ನಮ್ಮ ಬಿಸಿಲಿಗೆ ಅದೂ ಆಗುವ ಮಾತೇ, ಯಾರನ್ನೂ ದೂರುವಂತಿಲ್ಲ. ಸಂಜೆ ಇಸಿಜಿ ನೋಡಿದರೆ ಹಾರ್ಟ್ ಅಟ್ಯಾಕ್ ಆಗಿ ಐದು ಗಂಟೆ ಕಳೆದಿತ್ತು. “ಎದಿ ನೋವಾತೇನವ್ವ?” ಅಂತ ಕೇಳಿದರೆ, “ಇಲ್ಲೋ ಯಪ್ಪಾ, ಕೈಕಾಲಾಗ ಜೀವಾನ ಇದ್ದಿದ್ದಿಲ್ಲ” ಅಂದರು.

ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವುದನ್ನು ಮಾತ್ರ ಬಿಡಿ. ದಾರಿಯಲ್ಲಿ ಹೃದಯ ನಿಂತರೆ ಏನೂ ಮಾಡುವ ಹಾಗಿಲ್ಲ. ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದವರಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು, ಫೋನಿನಲ್ಲಿ ಡಾಕ್ಟರ್ ಸಿಕ್ಕರೆ ಕೇಳಿಕೊಂಡು ಕೊಡಿ. ಇದು ಹಳೆಯ ಅಗ್ಗದ ಮಾತ್ರೆ ಅಂತ ಕಡೆಗಣಿಸಬೇಡಿ. 1988ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಬರೀ ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರದೊಳಗಿನ ಸಾವು 23 ಪರ್ಸೆಂಟ್ ಕಡಿಮೆಯಾಯಿತು. ಜೊತೆಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಕೊಟ್ಟಾಗ 42 ಪರ್ಸೆಂಟ್. ಆದರೆ ಪಕ್ಕದ ಮನೆಯವರ ನಾಲಿಗೆ ಕೆಳಗಿಡುವ ಮಾತ್ರೆ ಇಸಿದುಕೊಂಡು ಇಡಬೇಡಿ. ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ ಅದರಿಂದ ಬಿಪಿ ದಡಕ್ಕನೆ ಬೀಳುತ್ತದೆ.

ಎಲ್ಲಿಗೆ ಹೋಗಬೇಕು? ಇದು ನಮ್ಮ ಭಾಗದ ದೊಡ್ಡ ಪ್ರಶ್ನೆ. ಕಾರ್ ಮಾಡಿಕೊಂಡು ಸೀದಾ ಹುಬ್ಬಳ್ಳಿ, ಸೀದಾ ಬೆಂಗಳೂರು ಅಂತ ಹೊರಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೊಪ್ಪಳದಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ದಾಟುತ್ತದೆ. ಅಷ್ಟು ಹೊತ್ತು ಟೇಲೆಂಡ್ ಒಣಗುತ್ತಲೇ ಇರುತ್ತದೆ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, ಆಗದಿದ್ದರೆ ಕೇಳಿ, ಕೇಳುವುದು ನಿಮ್ಮ ಹಕ್ಕು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಅಲ್ಲಿಂದಲೇ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಅದರ ಕೆಲಸ ಚೆನ್ನಾಗಿರುತ್ತದೆ, ಹನ್ನೆರಡು ಗಂಟೆಯವರೆಗೂ ಕೊಡಬಹುದು. ಕಾಲುವೆ ಸ್ವಲ್ಪ ತೆರೆದ ಮೇಲೆ ಆಂಜಿಯೋಗ್ರಾಂಗೆ ದೊಡ್ಡ ಊರಿಗೆ ಹೋಗಲು ಒಂದು ದಿನದ ಸಮಯ ಸಿಗುತ್ತದೆ. ಎರಡು ಗಂಟೆಯೊಳಗೆ ಸ್ಟೆಂಟ್ ಹಾಕುವ ವ್ಯವಸ್ಥೆ ಇರುವ ಊರಿನವರಿಗೆ ಸ್ಟೆಂಟೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಲಬುರ್ಗಾದ ಹಳ್ಳಿಯವರಿಗೆ ಆ ಲೆಕ್ಕ ಕೂಡುವುದಿಲ್ಲ. ಪಾರ್ಶ್ವವಾಯು ಆದವರಿಗೆ, ರಕ್ತಸ್ರಾವ ಇರುವವರಿಗೆ ಈ ಇಂಜೆಕ್ಷನ್ ಅಪಾಯ, ಅದಕ್ಕೇ ಹಳೆಯ ಚೀಟಿಗಳನ್ನೆಲ್ಲ ತನ್ನಿ.

ಈಗ ನಾನು ಇವತ್ತು ನಿಜವಾಗಿ ಹೇಳಲು ಬಂದ ವಿಷಯ. ಈಚೆಗೆ ಸಣ್ಣ ಊರಿನ ಲ್ಯಾಬಿನಲ್ಲೂ ಟ್ರೋಪೋನಿನ್ ಟೆಸ್ಟ್ ಮಾಡುತ್ತಾರೆ. ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಬಂದ ಕೂಡಲೇ ಮನೆಯವರೆಲ್ಲ ಅಳಲು ಶುರು. ಟ್ರೋಪೋನಿನ್ ಅನ್ನುವುದು ಹೃದಯದ ಮಾಂಸದ ಎಳೆಗಳ ಒಳಗಿರುವ ಪ್ರೋಟೀನು. ಮಾಂಸಕ್ಕೆ ಪೆಟ್ಟಾದಾಗ ಅದು ಸೋರಿ ರಕ್ತಕ್ಕೆ ಬರುತ್ತದೆ. ಹೃದಯದ ಮಾಂಸ ಎಲ್ಲೋ ಗಾಯಗೊಂಡಿದೆ ಅಂತ ಅದು ಹೇಳುತ್ತದೆ. ಗಾಯ ಮಾಡಿದ್ದು ಯಾರು ಅಂತ ಹೇಳುವುದಿಲ್ಲ. 2018ರಲ್ಲಿ ಜಗತ್ತಿನ ಹೃದಯ ತಜ್ಞರ ಸಂಘಗಳು ಸೇರಿ ಬರೆದ ವ್ಯಾಖ್ಯೆಯಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ, ಹೃದಯ ಸ್ನಾಯುವಿನ ಗಾಯ ಬೇರೆ, ಹಾರ್ಟ್ ಅಟ್ಯಾಕ್ ಬೇರೆ. ಹಾರ್ಟ್ ಅಟ್ಯಾಕ್ ಅನ್ನಲು ಟ್ರೋಪೋನಿನ್ ಏರಿಳಿತದ ಜೊತೆಗೆ ಆ ಮಾಂಸಕ್ಕೆ ರಕ್ತ ಸಾಲಲಿಲ್ಲ ಅನ್ನುವ ಸಾಕ್ಷಿಯೂ ಬೇಕು, ನೋವು, ಇಸಿಜಿ ಬದಲಾವಣೆ, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ, ಹೃದಯದ ಗೋಡೆ ಅಲುಗಾಡದಿರುವುದು, ಇಂಥವು.

ಹೊಲದ ಮಾತಿನಲ್ಲೇ ಹೇಳುತ್ತೇನೆ. ಭತ್ತ ಒಣಗಿ ನಿಂತಿದೆ ಅನ್ನಿ. ಕಾಲುವೆ ಕುಸಿದಿರಬಹುದು, ಅದು ಮಾಮೂಲಿ ಹಾರ್ಟ್ ಅಟ್ಯಾಕ್. ಕಾಲುವೆ ಸರಿಯಾಗೇ ಇದೆ, ಡ್ಯಾಮಿನಲ್ಲೇ ನೀರಿಲ್ಲ, ಅದೂ ಆಗಬಹುದು. ಒಬ್ಬ ಹೆಣ್ಣುಮಗಳು ಬಂದಿದ್ದರು, ತಿಂಗಳುಗಟ್ಟಲೆ ಮುಟ್ಟಿನಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ 4ಕ್ಕೆ ಇಳಿದಿತ್ತು. ಎದೆನೋವು, ಟ್ರೋಪೋನಿನ್ ಜಾಸ್ತಿ. ಅವರಿಗೆ ಬೇಕಾಗಿದ್ದು ರಕ್ತ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಇನ್ನಷ್ಟು ರಕ್ತ ಹೋಗುತ್ತಿತ್ತು. ಇನ್ನು ಕೆಲವು ಸಲ ಕಾಲುವೆಯೂ ಸರಿ, ನೀರೂ ಸರಿ, ಬೆಳೆಗೆ ರೋಗ ಬಿದ್ದಿರುತ್ತದೆ ಇಲ್ಲವೇ ಯಾರೋ ಕಳೆನಾಶಕ ಹೊಡೆದಿರುತ್ತಾರೆ. ಡೆಂಗಿ ಜ್ವರದಲ್ಲಿ ಹೃದಯದ ಮಾಂಸ ಊದಿಕೊಳ್ಳಬಹುದು. ಕಿಡ್ನಿ ಕೆಟ್ಟವರಲ್ಲಿ ಟ್ರೋಪೋನಿನ್ ವರ್ಷವಿಡೀ ಸ್ವಲ್ಪ ಮೇಲೇ ಇರುತ್ತದೆ. ಅದಕ್ಕೇ ಒಂದೇ ರಿಪೋರ್ಟ್ ಸಾಲುವುದಿಲ್ಲ, ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಬೇಕು, ಏರುತ್ತಿದೆಯಾ, ನಿಂತಲ್ಲೇ ನಿಂತಿದೆಯಾ ಅಂತ. ನೋವು ಶುರುವಾದ ಅರ್ಧ ಗಂಟೆಗೇ ತೆಗೆಸಿದರೆ ಇನ್ನೂ ಸೋರಿಕೆ ರಕ್ತಕ್ಕೆ ಬಂದಿರುವುದಿಲ್ಲ, ನೆಗೆಟಿವ್ ಬರಬಹುದು. ಅದನ್ನು ಹಿಡಿದುಕೊಂಡು ಮನೆಗೆ ಹೋಗಿ ಮಲಗಬೇಡಿ.

ಕಳೆನಾಶಕದ ಮಾತಿಗೆ ನಮ್ಮ ಕಡೆಯ ಒಳ್ಳೆಯ ಉದಾಹರಣೆ ಚೇಳು. ನಗಬೇಡಿ. ಕೆಂಪು ಚೇಳು ಕಡಿದರೆ, ಅದರಲ್ಲೂ ಮಕ್ಕಳಿಗೆ, ವಿಷ ಮೈಯೊಳಗಿನ ಅಡ್ರಿನಲಿನ್‌ನಂಥ ದ್ರವ್ಯಗಳನ್ನು ಒಮ್ಮೆಲೇ ಹೊರಹಾಕಿಸುತ್ತದೆ. ರಕ್ತನಾಳಗಳೆಲ್ಲ ಹಿಂಡಿಕೊಳ್ಳುತ್ತವೆ, ಬಿಪಿ ಏರುತ್ತದೆ, ಹೃದಯದ ಮಾಂಸಕ್ಕೆ ನೇರ ಪೆಟ್ಟು ಬೀಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೈಕಾಲು ತಣ್ಣಗಾಗಿ, ಬೆವರಿ, ಬಾಯಲ್ಲಿ ನೊರೆ ಬರುವ ಮಕ್ಕಳನ್ನು ಹಿಂದೆ ನಮ್ಮ ಹಳ್ಳಿಗಳು ತುಂಬಾ ಕಳೆದುಕೊಂಡಿವೆ. ಮಹಾರಾಷ್ಟ್ರದ ಮಹಾಡ್ ಅನ್ನುವ ಸಣ್ಣ ಊರಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆಯನ್ನು ಇದಕ್ಕೆ ಬಳಸಿ ತೋರಿಸಿದರು. ಹಿಂಡಿಕೊಂಡ ರಕ್ತನಾಳಗಳನ್ನು ಅದು ಸಡಿಲಿಸುತ್ತದೆ. ಸಾವು ಬಹಳ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಆಸ್ಪತ್ರೆಯೂ ಇಲ್ಲ, ದೊಡ್ಡ ಲ್ಯಾಬೂ ಇಲ್ಲ, ರೋಗಿಯ ಪಕ್ಕ ರಾತ್ರಿಯಿಡೀ ಕೂತು ಗಮನಿಸಿದ ಡಾಕ್ಟರ್. ನನಗೆ ಆ ಮನುಷ್ಯರ ಬಗ್ಗೆ ವಿಪರೀತ ಗೌರವ. ಚೇಳು ಕಡಿದ ಮಗುವನ್ನು ಮಂತ್ರ ಹಾಕಿಸಲು ಕರೆದೊಯ್ಯುವ ಹೊತ್ತಿನಲ್ಲಿ ಆಸ್ಪತ್ರೆಗೆ ತನ್ನಿ ಅಂತಷ್ಟೇ ನನ್ನ ಮಾತು.

ಇನ್ನು ಪಂಪಿಂಗ್. ಎಕೋ ರಿಪೋರ್ಟಿನಲ್ಲಿ 60 ಅಂತ ನೋಡಿ ಒಬ್ಬ ಮಗ ಹೊರಗೆ ಹೋಗಿ ಅಳುತ್ತಾ ನಿಂತಿದ್ದ. “ನಲವತ್ತು ಹೋಗ್ಯಾತಲ್ರೀ ಸರ” ಅಂದ. ಅಲ್ಲಪ್ಪಾ, ಇದು ನೂರಕ್ಕೆ ನೂರು ಬರುವ ಪರೀಕ್ಷೆ ಅಲ್ಲ. ಹೃದಯ ತುಂಬಿದ ರಕ್ತವನ್ನು ಒಂದು ಬಡಿತಕ್ಕೆ ಎಷ್ಟು ಭಾಗ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, 55ರಿಂದ 70 ಅಂದರೆ ಆರಾಮ. 40ರ ಕೆಳಗೆ ಬಂದರೆ ಮಾತ್ರೆ ತಪ್ಪಿಸಬಾರದು. ಸತ್ತ ಮಾಂಸ ಮತ್ತೆ ಬೆಳೆಯುವುದಿಲ್ಲವಾ ಅಂತ ಕೇಳುತ್ತಾರೆ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಂದು ಜಾಣ ಲೆಕ್ಕ ಹಾಕಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣ ಸೂಸುವ ಇಂಗಾಲ ನಮ್ಮ ಮೈಯ ಜೀವಕೋಶಗಳಲ್ಲೂ ಸೇರಿದೆಯಲ್ಲ, ಅದನ್ನು ಅಳೆದು ಹೃದಯದ ಕೋಶಗಳ ವಯಸ್ಸು ಕಂಡುಹಿಡಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಕೋಶ ಹೊಸದಾಗುತ್ತದೆ, 75ಕ್ಕೆ ಬಂದಾಗ ಅದರ ಅರ್ಧವೂ ಇಲ್ಲ. ಅಂದರೆ ಇದೆ, ಆದರೆ ಸತ್ತ ಹೊಲಕ್ಕೆ ಸಾಲುವಷ್ಟಿಲ್ಲ. ಅಲ್ಲಿ ಗಾಯದ ಕಲೆ ಕೂರುತ್ತದೆ. ಕಲೆ ಮಾಂಸದ ಹಾಗೆ ಹಿಂಡಿ ರಕ್ತ ತಳ್ಳುವುದಿಲ್ಲ. ಸುತ್ತಲಿನ ಬಾಡಿದ ಮಾಂಸ ಮಾತ್ರ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಹುದು, ಅದಕ್ಕೇ ಮೊದಲ ವಾರದ ಎಕೋ ನೋಡಿ ಎದೆಗುಂದಬೇಡಿ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕಿನಿಂದ ಸಾಲು ಸಾಲು ಸಾವಿನ ಸುದ್ದಿ ಟಿವಿಯಲ್ಲಿ ಬಂದಾಗ ಇಲ್ಲಿಯೂ ಹುಡುಗರು ಇಸಿಜಿಗೆ ಕ್ಯೂ ನಿಂತಿದ್ದರು, ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ! 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಂಬಾಕು, ಬಿಪಿ, ಸಕ್ಕರೆ, ಕೊಬ್ಬು, ಹೊಟ್ಟೆ ಬೊಜ್ಜು, ಇಂಥ ಒಂಬತ್ತೇ ಕಾರಣಗಳು ಮೊದಲ ಹಾರ್ಟ್ ಅಟ್ಯಾಕಿನ ಅಪಾಯದಲ್ಲಿ ಸುಮಾರು 90 ಪರ್ಸೆಂಟ್ ಹೊತ್ತುಕೊಂಡಿದ್ದವು. ನಮ್ಮ ಭಾಗದ ದೇಶಗಳವರಿಗೆ ಅದು ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಯಿತು. ಹಮಾಲಿ ಮಾಡುವವರಿಗೆ ಮೈ ದುಡಿತ ಸಾಕಷ್ಟಿದೆ, ವಾಕಿಂಗ್ ಹೋಗಿ ಅಂತ ನಾನು ಹೇಳಿದರೆ ನೀವು ಚೀಲ ನನ್ನ ಮೇಲೇ ಹಾಕುತ್ತೀರಿ. ಬೀಡಿ, ಗುಟ್ಕಾ ಬಿಡಿ, ಬಿಪಿ ನೋಡಿಸಿ. ಅದರ ಬಗ್ಗೆ ಇನ್ನೊಂದು ದಿನ ಮಾತಾಡುತ್ತೇನೆ.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಹಾರ್ಟ್ ಅಟ್ಯಾಕ್ ಅಂದರೆ ಹೃದಯ ನಿಲ್ಲುವುದಲ್ವಾ ಅಂತ ಒಬ್ಬ ಹುಡುಗ ಕೇಳಿದ. ಇಲ್ಲ. ಕಾಲುವೆ ಕಟ್ಟುವುದು ಅಟ್ಯಾಕ್, ಪಂಪು ನಿಲ್ಲುವುದು ಹೃದಯ ಸ್ತಂಭನ. ಮೊದಲನೆಯದರಿಂದ ಎರಡನೆಯದು ಆಗಬಹುದು. ಮನುಷ್ಯ ಬಿದ್ದು, ಕರೆದರೆ ಮಾತಾಡದೆ, ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಐದಾರು ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, 108 ಬರುವವರೆಗೂ. ಅಲ್ಲೇ ಒಂದು ಅಕ್ಕಿ ಚೀಲದ ಮೇಲೆ ಒತ್ತಿಸಿದೆ. ಕ್ವಿಂಟಲ್ ಎತ್ತುವ ಕೈಗಳು, ಒತ್ತುವ ಬಲಕ್ಕೆ ಕೊರತೆ ಇರಲಿಲ್ಲ, ಆದರೆ ಎರಡು ನಿಮಿಷಕ್ಕೆ ಏದುಸಿರು ಬಂತು. ಆಳು ಬದಲಾಯಿಸಿ ಅಂದೆ.

ಆಮೇಲೆ ಹೆಂಗಸರ ಸಾಲಿನಿಂದ ಒಬ್ಬರು ಸೆರಗು ಸರಿಪಡಿಸಿಕೊಂಡು ಎದ್ದರು. “ರಾತ್ರಿ ಎರಡಕ್ಕ ನೋವು ಬಂದರ ಮುಂಜಾನಿತನಕ ತಡಿಬೋದೇನ್ರೀ? ನಮ್ಮ ಮನಿಯವ್ರು ಯಾರ್ನೂ ಎಬ್ಬಸಬ್ಯಾಡ ಅಂತಾರ್ರೀ.” ಪಕ್ಕದಲ್ಲಿ ಗಂಡ ಇದ್ದರು, ತಲೆ ತಗ್ಗಿಸಿದರು. ನಾನು ಏನು ಹೇಳಬೇಕು ಅಂತ ಯೋಚಿಸುವಷ್ಟರಲ್ಲಿ ಆ ಕಡೆಯಿಂದ, ಕಾಲುವೆ ಜಗಳ ತೆಗೆದಿದ್ದ ಅದೇ ದನಿ ಬಂತು. “ಬೆಳಕಹರಿಯೂದರಾಗ ಮಾನ್ವಿ ಒಣಗಿರತೈತೇ ಯಕ್ಕಾ, ಎಬ್ಬಸು.” ಅಷ್ಟೊತ್ತಿಗೆ ಗೇಟಿನಲ್ಲಿ ಭತ್ತದ ಲಾರಿ ಹಾರ್ನ್ ಹೊಡೆಯಿತು, ಅರ್ಧ ಸಭೆ ಎದ್ದು ಟವೆಲ್ ಕೊಡವಿಕೊಂಡು ಹೋಯಿತು.